ಚಿಲ್ಲರೆ ಅನುಗ್ರಹಗಳು

ದೇವರ ಸಣ್ಣಪುಟ್ಟ ಅನುಗ್ರಹಗಳಲ್ಲಿ ಬಹುಪಾಲು ಬೆಳಗ್ಗೆ ಆರರಿಂದ ಹತ್ತು ಗಂಟೆಯೊಳಗೆ ಸಂಭವಿಸುತ್ತವೆ. ಚಟ್ನಿ ನುಣ್ಣಗಾದ ಮೇಲೆ ಕರೆಂಟು ಹೋಗುವುದು, ಉಕ್ಕಲು ಹೊರಟ ಹಾಲು ಪಾತ್ರೆಯ ಅಂಚಿನಲ್ಲಿ ಕ್ಷಣಕಾಲ ಯೋಚಿಸಿ ಕೆಳಗಿಳಿಯುವುದು, ನಲ್ಲಿ ನಿಲ್ಲುವ ಹೊತ್ತಿಗೆ ಕೊನೆಯ ಕೊಡವೂ ತುಂಬಿರುವುದು ಇವಕ್ಕೆ ಉದಾಹರಣೆಗಳು. ಗ್ಯಾಸಿನ ವಿಷಯ ಮಾತ್ರ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಮನೆಬಳಕೆಯ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ ಅನಿಲ. ಎಂದಾದರೂ ಅದು ಮುಗಿಯಲೇಬೇಕು. ಉರಿ ಕೆಂಪಾಗಿ ತಗ್ಗಿದೊಡನೆ ಮನೆಯಾಕೆ ಎರಡೂ ಕೈಯಿಂದ ಸಿಲಿಂಡರಿನ ಕತ್ತು ಹಿಡಿದು ಅಲ್ಲಾಡಿಸುತ್ತಾಳೆ, ಜೊತೆಗೆ ಮನೆದೇವರನ್ನು ನೆನೆಯುತ್ತಾಳೆ. ಸಾರಿನ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಷ್ಟು ಹೊತ್ತು ಉರಿ ನಿಂತರೆ 'ಸದ್ಯ, ದೇವರು ದೊಡ್ಡವನು' ಎಂಬ ತೀರ್ಪು ಹೊರಬೀಳುತ್ತದೆ. ಅಲ್ಲಾಡಿಸಿದ ಕೈಗೆ ಈ ಕೀರ್ತಿಯಲ್ಲಿ ಪಾಲಿಲ್ಲ.

ಇಂಥ ಘಟನೆಗಳ ಲೆಕ್ಕ ಇಡುವ ಪದ್ಧತಿಯೂ ವಿಶಿಷ್ಟವಾದದ್ದು. ಜಮಾ ಆದದ್ದೆಲ್ಲ ದೇವರ ಹೆಸರಿಗೆ. ಖರ್ಚೆಲ್ಲ ಗ್ರಹಚಾರ, ಹಣೆಬರಹ, ಎದುರುಮನೆಯವರ ದೃಷ್ಟಿ ಮುಂತಾದ ಬೇರೆ ಬೇರೆ ಖಾತೆಗಳಿಗೆ. ಬಸ್ಸು ಸಿಕ್ಕಿದರೆ ರಾಯರ ದಯೆ. ತಪ್ಪಿದರೆ ಬೆಳಗ್ಗೆ ಎದ್ದು ಯಾರ ಮುಖ ನೋಡಿದ್ದು ಎಂಬ ತನಿಖೆ ಶುರುವಾಗುತ್ತದೆ, ಆರೋಪಿ ಸಾಮಾನ್ಯವಾಗಿ ಪಕ್ಕದಲ್ಲೇ ಮಲಗಿರುತ್ತಾನೆ. ಮುಂಜಾಗ್ರತೆಗೂ ಇಲ್ಲಿ ಅವಕಾಶವುಂಟು. ಬೆಂಗಳೂರಿನ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಲ್ಲಿ ಪೂಜೆ ಮುಗಿಸಿದ ಹೊಸ ಗಾಡಿ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿಯೇ ರಸ್ತೆಗಿಳಿಯುತ್ತದೆ. ಇನ್ಶೂರೆನ್ಸಿನ ಕಾಗದವೂ ಗಾಡಿಯೊಳಗೆ ಇರುತ್ತದೆ. ಇಬ್ಬರೂ ಪರಸ್ಪರ ಆಕ್ಷೇಪಿಸಿದ ದಾಖಲೆಯಿಲ್ಲ.

ಕಳೆದುಹೋದ ವಸ್ತುಗಳ ವಿಭಾಗವನ್ನು ಅನೇಕ ಮನೆಗಳಲ್ಲಿ ಕಾರ್ತವೀರ್ಯಾರ್ಜುನನಿಗೆ ವಹಿಸಲಾಗಿದೆ. ಈತ ಹೈಹಯರ ದೊರೆ, ಮಾಹಿಷ್ಮತಿಯಲ್ಲಿ ಆಳಿದವನು. ಸಾವಿರ ತೋಳುಗಳಿಂದ ನರ್ಮದೆಯ ಹರಿವನ್ನೇ ತಡೆದು, ರಾವಣನನ್ನು ಹಿಡಿದು ಸೆರೆಯಲ್ಲಿಟ್ಟವನೆಂದು ಪುರಾಣ ಹೇಳುತ್ತದೆ. ಈಗ ಅವನ ಶ್ಲೋಕವನ್ನು ಮೂರು ಸಲ ಹೇಳಿ ಹುಡುಕಿಸುವುದು ಸ್ಕೂಟರಿನ ಕೀಲಿಯನ್ನು, ಪೆನ್‌ಷನ್ ಪುಸ್ತಕವನ್ನು, ಅಜ್ಜನ ಕನ್ನಡಕವನ್ನು. ಕನ್ನಡಕ ಅಜ್ಜನ ಹಣೆಯ ಮೇಲೆಯೇ ಇತ್ತೆಂದು ಮೊಮ್ಮಗಳು ತೋರಿಸಿಕೊಟ್ಟರೂ ಶ್ಲೋಕದ ಮಹಿಮೆಗೆ ಕುಂದಿಲ್ಲ. ಅವಳ ಬಾಯಲ್ಲಿ ಹೇಳಿಸಿದವನೂ ಅವನೇ.

ಶಾಸ್ತ್ರವೂ ಈ ನಂಬಿಕೆಯ ಕೈಬಿಟ್ಟಿಲ್ಲ. ಶರಣರ ಅಷ್ಟಾವರಣದಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲದಲ್ಲಿ ಪ್ರಸಾದಿಯದು ಮೂರನೆಯ ಮೆಟ್ಟಿಲು. ಆದರೆ ಆ ಕಾಲದವರ ಲೆಕ್ಕ ಬಿಗಿಯಾದದ್ದು. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೊಂದು ಆಸೆ ಏಕೆಂದು ಕೇಳಿ, ಹೆಚ್ಚಿನದನ್ನು ಸಿಕ್ಕಿದಲ್ಲೇ ಸುರಿದು ಬರುವಂತೆ ಕಳುಹಿಸಿದಳು. ಇಂದಿನ ಗೃಹಸ್ಥರಲ್ಲಿ ಬಹಳ ಮಂದಿ ಈ ಕಥೆಯನ್ನು ಮೆಚ್ಚಿ ತಲೆದೂಗುತ್ತಾರೆ.

ಮೆಚ್ಚುಗೆಗೆ ಒರೆಗಲ್ಲು ಬಸ್ಸಿನ ಚಿಲ್ಲರೆ. ಕಂಡಕ್ಟರ್ ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿಕೊಟ್ಟಿರುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಳಿಯುವಾಗ ಅದು ಕೈಗೆ ಬಂದರೆ ಅದೇ ಒಂದು ಅನುಗ್ರಹ. ನೂಕುನುಗ್ಗಲಿನಲ್ಲಿ ಐವತ್ತು ರೂಪಾಯಿ ಹೆಚ್ಚಿಗೆ ಬಂದರಂತೂ ನೋಟನ್ನು ಕಣ್ಣಿಗೊತ್ತಿಕೊಂಡು, ಮನೆಗೆ ಬಂದ ಲಕ್ಷ್ಮಿಯನ್ನು ಬೇಡ ಎನ್ನಬಾರದೆಂಬ ನಿರ್ಣಯಕ್ಕೆ ಬರಲಾಗುತ್ತದೆ. ಲಕ್ಕಮ್ಮ ಜೊತೆಗಿದ್ದಿದ್ದರೆ ಬಸ್ಸಿನ ಹಿಂದೆಯೇ ಓಡಿಸುತ್ತಿದ್ದಳು. ಆಕೆ ಇಲ್ಲದ ಕಾರಣ ಅದರಲ್ಲಿ ಐದು ರೂಪಾಯಿ ಹುಂಡಿಗೆ ಬಿದ್ದು, ಉಳಿದದ್ದು ಮಸಾಲೆದೋಸೆಗೆ ಸಲ್ಲುತ್ತದೆ.