ಬರೆಯಬಲ್ಲ, ಆದರೆ ಬರೆಯಲಾಗದ ಪೆನ್ಸಿಲಿನ ಪರವಾಗಿ ಒಂದು ಬಹಿರಂಗ ಅರ್ಜಿ

ಇವರಿಗೆ,
ಮುಖ್ಯ ವಿನ್ಯಾಸಕರು ಹಾಗೂ ಅಯಸ್ಕಾಂತ ವರ್ಗಾವಣೆ ವಿಭಾಗದ ಅಧಿಕಾರಿಗಳು,
ಆಪಲ್ ಕಂಪನಿ, ಕ್ಯುಪರ್ಟಿನೋ, ಕ್ಯಾಲಿಫೋರ್ನಿಯಾ.

ವಿಷಯ: ಸುಸ್ಥಿತಿಯಲ್ಲಿರುವ ಪೆನ್ಸಿಲ್ ಮತ್ತು ಕೀಬೋರ್ಡುಗಳ ಗುರುತನ್ನು ಹೊಸ ಐಪ್ಯಾಡುಗಳು ಹಿಡಿಯದಿರುವ ಬಗ್ಗೆ.
ಉಲ್ಲೇಖ: ತಮ್ಮ 7-5-2024ರ ಬಿಡುಗಡೆ ಸಮಾರಂಭ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ತಾವು 2018ರಲ್ಲಿ ಮಾರುಕಟ್ಟೆಗೆ ಬಿಟ್ಟ ಎರಡನೇ ತಲೆಮಾರಿನ ಆಪಲ್ ಪೆನ್ಸಿಲಿಗೆ ಯಾವ ಕಾಯಿಲೆಯೂ ಇಲ್ಲ. ಅದು ಚಾರ್ಜ್ ಆಗುತ್ತದೆ, ಬರೆಯುತ್ತದೆ, ಒತ್ತಿದರೆ ಗೆರೆ ದಪ್ಪಗಾಗುತ್ತದೆ, ಬೆನ್ನಿಗೆ ಎರಡು ಸಲ ತಟ್ಟಿದರೆ ರಬ್ಬರ್ ಆಗುತ್ತದೆ. 2024ರ ಮೇ ತಿಂಗಳಲ್ಲಿ ತಾವು ಹೊರತಂದ ಎಂ4 ಐಪ್ಯಾಡ್ ಪ್ರೊ ಜೊತೆ ಕೂಡಿಸಿದರೆ ಮಾತ್ರ ಚಾರ್ಜೂ ಇಲ್ಲ, ಗೆರೆಯೂ ಇಲ್ಲ. ಕಂಪನಿ ಒಂದೇ, ಬಣ್ಣ ಒಂದೇ, ಹೆಸರೂ ಒಂದೇ. ಗ್ರಾಹಕ ಮೊದಲು ಪೆನ್ಸಿಲನ್ನು ಅನುಮಾನಿಸುತ್ತಾನೆ, ಆಮೇಲೆ ಐಪ್ಯಾಡನ್ನು, ಕೊನೆಗೆ ತನ್ನನ್ನೇ.

ಈ ಪೆನ್ಸಿಲಿನ ವಂಶಾವಳಿಯೇ ತಮಾಷೆಯಾಗಿದೆ. 2007ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಮೊದಲ ಐಫೋನನ್ನು ತೋರಿಸುವಾಗ ಸ್ಟೀವ್ ಜಾಬ್ಸ್ ಬರೆಯುವ ಕಡ್ಡಿಯನ್ನು ಗೇಲಿ ಮಾಡಿದ್ದರು. ಹುಟ್ಟುವಾಗಲೇ ಹತ್ತು ಬೆರಳು ಜೊತೆಗೆ ಬಂದಿರುವಾಗ ಕಡ್ಡಿ ಯಾರಿಗೆ ಬೇಕು ಎಂಬುದು ಅವರ ವಾದವಾಗಿತ್ತು. 2024ರ ಮೇ ತಿಂಗಳ ಹೊತ್ತಿಗೆ ಅದೇ ಕಂಪನಿಯ ಅಂಗಡಿಯಲ್ಲಿ ನಾಲ್ಕು ಬಗೆಯ ಕಡ್ಡಿಗಳು ಏಕಕಾಲಕ್ಕೆ ಮಾರಾಟಕ್ಕಿದ್ದವು: ಮೊದಲನೆಯದು, ಎರಡನೆಯದು, ಯುಎಸ್‌ಬಿ-ಸಿ ಪೆನ್ಸಿಲ್, ಪೆನ್ಸಿಲ್ ಪ್ರೊ. ನಾಲ್ಕೂ ಬಿಳಿ. ಯಾವ ಕಡ್ಡಿ ಯಾವ ಐಪ್ಯಾಡಿಗೆ ಎಂದು ತಿಳಿಯಲು ತಮ್ಮ ಜಾಲತಾಣದಲ್ಲಿ ಪಟ್ಟಿ ಇದೆ, ನಿಜ. ಆದರೆ ಪೆನ್ಸಿಲ್ ಕೊಳ್ಳುವ ಮುನ್ನ ಪಟ್ಟಿ ಓದಬೇಕೆಂದು ಜಗತ್ತಿನಲ್ಲಿ ಯಾವ ಮಗುವಿಗೂ ಯಾರೂ ಕಲಿಸಿಲ್ಲ.

ಹಳೆಯ ಕಡತ ತೆಗೆದರೆ 2012 ಸಿಗುತ್ತದೆ. ಆ ವರ್ಷದ ಮಾರ್ಚಿನಲ್ಲಿ ಮೂರನೇ ಐಪ್ಯಾಡ್ ಬಂತು, ಅಕ್ಟೋಬರಿನಲ್ಲಿ ನಾಲ್ಕನೆಯದು ಬಂತು. ಮಧ್ಯದಲ್ಲಿ ಸಿಕ್ಕಿಕೊಂಡದ್ದು 2003ರಿಂದ ಚಾಲ್ತಿಯಲ್ಲಿದ್ದ 30 ಪಿನ್ನಿನ ಅಗಲ ಚಾರ್ಜಿಂಗ್ ಮೂತಿ. ಲೈಟ್ನಿಂಗ್ ಎಂಬ ಪುಟ್ಟ ಮೂತಿ ಬಂದ ಮೇಲೆ ಸ್ಪೀಕರು, ಡಾಕು, ಅಲಾರಾಂ ರೇಡಿಯೋಗಳೆಲ್ಲ ರಾತ್ರೋರಾತ್ರಿ ಹಳೆಯವಾದವು. ಬೇಕೆಂದವರಿಗೆ 29 ಡಾಲರಿನ ಅಡಾಪ್ಟರ್ ಇತ್ತು. ಹೋಗಲಿ, ಒಂಬತ್ತು ವರ್ಷ ನಡೆದ ಮೂತಿ, ತೆಳು ಮಾಡಲು ಅಡ್ಡಿಯಾಗಿತ್ತು, ಬದಲಿಸಿದಿರಿ. ಅದರ ಬಗ್ಗೆ ಈ ಅರ್ಜಿಯಲ್ಲಿ ತಕರಾರಿಲ್ಲ.

ತಕರಾರು ಶುರುವಾಗುವುದು 2022ರ ಅಕ್ಟೋಬರಿನಿಂದ.

ಹತ್ತನೇ ತಲೆಮಾರಿನ ಐಪ್ಯಾಡ್ ಬಂತು. ಲೈಟ್ನಿಂಗ್ ಮೂತಿ ಹೋಗಿ ಯುಎಸ್‌ಬಿ-ಸಿ ಬಂದದ್ದಕ್ಕೆ ಜನ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಅದಕ್ಕೆ ತಾವು ಗೊತ್ತುಮಾಡಿದ ಪೆನ್ಸಿಲ್ ಯಾವುದು? 2015ರ ಮೊದಲ ತಲೆಮಾರಿನದು. ಅದರ ಹಿಂಬದಿಯ ಮುಚ್ಚಳ ತೆಗೆದರೆ ಒಳಗಿರುವುದು ಲೈಟ್ನಿಂಗ್ ಮೂತಿ. ಅದನ್ನು ಐಪ್ಯಾಡಿನ ಹೊಟ್ಟೆಗೆ ಚುಚ್ಚಿ ಚಾರ್ಜ್ ಮಾಡುವ ಏರ್ಪಾಡನ್ನು ನೋಡಿ ಜನ ನಕ್ಕು ಆಗಲೇ ಏಳು ವರ್ಷವಾಗಿತ್ತು. ಈಗ ಚುಚ್ಚುವುದಕ್ಕೂ ತೂತಿಲ್ಲ. ಹಾಗಾಗಿ 9 ಡಾಲರಿನ ಒಂದು ಪುಟ್ಟ ಅಡಾಪ್ಟರ್ ಹುಟ್ಟಿಸಿದಿರಿ. ಪೆನ್ಸಿಲಿನ ಬಾಲವನ್ನು ಅಡಾಪ್ಟರಿನ ಒಂದು ಕಡೆ ಸಿಕ್ಕಿಸಬೇಕು, ಇನ್ನೊಂದು ಕಡೆಗೆ ಕೇಬಲ್ ಹಾಕಬೇಕು, ಕೇಬಲಿನ ಇನ್ನೊಂದು ತುದಿಯನ್ನು ಐಪ್ಯಾಡಿಗೆ ಕೊಡಬೇಕು. ಚಾರ್ಜಿಗೆ ಮಾತ್ರವಲ್ಲ, ಪೆನ್ಸಿಲಿಗೂ ಐಪ್ಯಾಡಿಗೂ ಮೊದಲ ಪರಿಚಯ ಮಾಡಿಸುವುದಕ್ಕೂ ಇದೇ ವಿಧಿ. ನಿಸ್ತಂತು ಯುಗವೆಂದು ಹೆಡ್‌ಫೋನ್ ತೂತನ್ನೂ ಆ ಐಪ್ಯಾಡಿನಲ್ಲಿ ಮುಚ್ಚಿದ ಕಂಪನಿ, ಪೆನ್ಸಿಲಿಗೆ ತಂತಿ ಕಟ್ಟಿತು.

2018ರ ಪೆನ್ಸಿಲನ್ನಾದರೂ ಅದಕ್ಕೆ ಹೊಂದಿಸಬಹುದಿತ್ತಲ್ಲ? ಇಲ್ಲ. ಹೊಸ ಸಾಧನಗಳನ್ನು ಬಿಚ್ಚಿ ನೋಡುವ ಐಫಿಕ್ಸಿಟ್ ತಂಡ ಆ ಐಪ್ಯಾಡನ್ನು ಬಿಚ್ಚಿದಾಗ ಕಾರಣ ಕಣ್ಣಿಗೆ ಬಿತ್ತು. ಮುಂಗಡೆಯ ಕ್ಯಾಮೆರಾವನ್ನು ತಾವು ಮೊದಲ ಬಾರಿಗೆ ಗಿಡ್ಡ ಅಂಚಿನಿಂದ ಉದ್ದ ಅಂಚಿಗೆ ವರ್ಗಾಯಿಸಿದ್ದಿರಿ. ಪೆನ್ಸಿಲ್ ಅಂಟಿಕೊಂಡು ಚಾರ್ಜ್ ಆಗಬೇಕಾದ ಜಾಗವೂ ಅದೇ ಉದ್ದ ಅಂಚು. ಒಂದೇ ಕುರ್ಚಿಗೆ ಇಬ್ಬರಾದರು, ಪೆನ್ಸಿಲ್ ಎದ್ದು ನಿಂತಿತು.

ಕ್ಯಾಮೆರಾ ಸರಿದದ್ದು ಒಳ್ಳೆಯದೇ. ಕೊರೊನಾ ಕಾಲದಿಂದ ಐಪ್ಯಾಡನ್ನು ಅಡ್ಡಲಾಗಿ ನಿಲ್ಲಿಸಿ ವಿಡಿಯೋ ಕರೆ ಮಾಡುವವರೇ ಹೆಚ್ಚು. ಕ್ಯಾಮೆರಾ ಪಕ್ಕದಲ್ಲಿದ್ದಾಗ ಎದುರಿನವರಿಗೆ ಇವರು ಕಿಟಕಿಯಾಚೆ ಯಾರನ್ನೋ ನೋಡುತ್ತಿರುವಂತೆ ಕಾಣುತ್ತಿತ್ತು. ಆ ದೋಷ ಹೋಯಿತು. ಇದೇ ಬದಲಾವಣೆ 2024ರಲ್ಲಿ ಐಪ್ಯಾಡ್ ಪ್ರೊಗೂ ಏರ್‌ಗೂ ಬಂದಾಗ, ಅಂಚಿನ ಅಯಸ್ಕಾಂತಗಳನ್ನು ಹೊಸದಾಗಿ ಜೋಡಿಸಿ ಕ್ಯಾಮೆರಾ, ಪೆನ್ಸಿಲ್ ಎರಡಕ್ಕೂ ಜಾಗ ಮಾಡಿದಿರಿ. ಆದರೆ ಆ ಜಾಗ ಸಿಕ್ಕಿದ್ದು 129 ಡಾಲರಿನ, ನಮ್ಮಲ್ಲಿ 11,900 ರೂಪಾಯಿಯ ಹೊಸ ಪೆನ್ಸಿಲ್ ಪ್ರೊಗೆ. ಹಳೆಯದಕ್ಕೆ ಚಾರ್ಜ್ ಕೊಡುವ ಒಂದು ಅಡಾಪ್ಟರ್ ಕೂಡ ಬರಲಿಲ್ಲ. 2015ರ ಪೆನ್ಸಿಲಿಗೆ ಅಡಾಪ್ಟರ್ ಉಂಟು, 2018ರದಕ್ಕೆ ಇಲ್ಲ. ಅಜ್ಜನಿಗೆ ಊರುಗೋಲು ಕೊಟ್ಟು ಮೊಮ್ಮಗನನ್ನು ಹೊರಗೆ ಹಾಕಿದ ಈ ನ್ಯಾಯವನ್ನು ತಮ್ಮ ಯಾವ ವೇದಿಕೆಯಲ್ಲೂ ಯಾರೂ ವಿವರಿಸಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಪಿನ್ನಿಗೆ ಯಾವ ಪಿನ್ ಬೇಕೆಂದರೂ ಹುಡುಕಿ ಕೊಡುತ್ತಾರೆ. ಅಯಸ್ಕಾಂತದ ಜಾಗ ಬದಲಿಸಿ ಕೊಡುವವರು ಅಲ್ಲೂ ಇಲ್ಲ.

ಇನ್ನು ಕೀಬೋರ್ಡಿನ ವಿಚಾರ. 2020ರಲ್ಲಿ ಬಂದ ಮ್ಯಾಜಿಕ್ ಕೀಬೋರ್ಡ್ ಕೈಗೆ ಹಿತವಾದ ವಸ್ತು, ಅದರ ಟೈಪಿಂಗನ್ನು ಹೊಗಳದವರಿಲ್ಲ. ಆದರೆ 12.9 ಇಂಚಿನ ಐಪ್ಯಾಡ್ ಪ್ರೊ 641 ಗ್ರಾಂ ಇದ್ದರೆ ಕೀಬೋರ್ಡು ಸುಮಾರು 700 ಗ್ರಾಂ ತೂಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ತಕ್ಕಡಿಯಲ್ಲಿಟ್ಟು ತೋರಿಸಬಹುದಾದ ಸಾಕ್ಷ್ಯ ಒದಗಿಸಿದ ಕೀರ್ತಿ ತಮ್ಮದು. ಆಗಿನ ಬೆಲೆ ಇಲ್ಲಿ 31,900 ರೂಪಾಯಿ. ಮರುವರ್ಷ, 2021ರಲ್ಲಿ, ಅದೇ ಅಳತೆಯ ಹೊಸ ಐಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪಗಾಯಿತು. 5.9 ಇದ್ದದ್ದು 6.4 ಆಯಿತು. ಆಗ ತಮ್ಮ ಕಡೆಯಿಂದ ಬಂದ ಸ್ಪಷ್ಟನೆಯ ಸಾರ ಇಷ್ಟು: ಹಳೆಯ ಕೀಬೋರ್ಡು ಕೆಲಸ ಮಾಡುತ್ತದೆ, ಆದರೆ ಮುಚ್ಚಿದಾಗ ಸರಿಯಾಗಿ ಕೂರದೆಯೂ ಇರಬಹುದು, ಪರದೆಗೆ ರಕ್ಷಾಹಾಳೆ ಅಂಟಿಸಿದ್ದರಂತೂ ಇನ್ನಷ್ಟು. ಮೂವತ್ತೆರಡು ಸಾವಿರದ ಹೊದಿಕೆ ಒಂದು ವರ್ಷಕ್ಕೇ ಬಿಗಿಯಾಗಬೇಕಾದರೆ ಬೆಳೆಯುವ ಮಕ್ಕಳಿಗೆ ಹೊಲಿಸಿದ್ದಿರಬೇಕು.

2024ರಲ್ಲಿ ಐಪ್ಯಾಡ್ ಪ್ರೊ ತೆಳ್ಳಗಾಯಿತು. 13 ಇಂಚಿನದು 5.1 ಮಿಲಿಮೀಟರ್, ತಮ್ಮ ಉತ್ಪನ್ನಗಳಲ್ಲೇ ಅತಿ ತೆಳುವೆಂದು ಸಾರಿದಿರಿ. ಹಳೆಯ ಕೀಬೋರ್ಡು ಈ ಸಲ ಹೊಂದಲೇ ಇಲ್ಲ. ದಪ್ಪಗಾದರೂ ತೊಂದರೆ, ತೆಳ್ಳಗಾದರೂ ತೊಂದರೆ. ಸ್ವಾರಸ್ಯ ಇಷ್ಟಕ್ಕೇ ಮುಗಿಯಲಿಲ್ಲ. ಅದೇ ದಿನ ಬಿಡುಗಡೆಯಾದ 13 ಇಂಚಿನ ಐಪ್ಯಾಡ್ ಏರ್‌ಗೆ ಹಳೆಯ 12.9 ಇಂಚಿನ ಕೀಬೋರ್ಡು ಸಲೀಸಾಗಿ ಹೊಂದುತ್ತಿತ್ತು. ಅಂದರೆ ಹಳೆಯ ಪ್ರೊ ಇಟ್ಟುಕೊಂಡ ಗ್ರಾಹಕ ಕೀಬೋರ್ಡನ್ನು ಉಳಿಸಿಕೊಳ್ಳಬೇಕಾದರೆ ಒಂದು ಮೆಟ್ಟಿಲು ಕೆಳಗಿಳಿದು ಏರ್ ಕೊಳ್ಳಬೇಕಿತ್ತು. ಅಲ್ಲಿಯೂ ಅವನ ಪೆನ್ಸಿಲ್ ನಡೆಯುತ್ತಿರಲಿಲ್ಲ, ಅದು ಬೇರೆ ಮಾತು. ಇನ್ನು 2025ರ ಮಾರ್ಚಿನಲ್ಲಿ ಏರ್‌ಗೆಂದೇ ಇನ್ನೊಂದು ಕೀಬೋರ್ಡ್ ಬಂತು. ಅದು ಪ್ರೊಗೆ ಆಗುವುದಿಲ್ಲ, ಕತ್ತಲಲ್ಲಿ ಅದರ ಕೀಲಿಗಳು ಬೆಳಗುವುದೂ ಇಲ್ಲ.

ಲೆಕ್ಕ ಬೇಕೆಂದರೆ ಇಲ್ಲಿದೆ. 2020ರಲ್ಲಿ ದೊಡ್ಡ ಐಪ್ಯಾಡ್ ಪ್ರೊ ಕೊಂಡವನೊಬ್ಬ ಕೀಬೋರ್ಡಿಗೆ 31,900, ಪೆನ್ಸಿಲಿಗೆ 10,900, ಒಟ್ಟು 42,800 ರೂಪಾಯಿ ಕೊಟ್ಟ ಎಂದಿಟ್ಟುಕೊಳ್ಳಿ. 2024ರಲ್ಲಿ 1,29,900 ರೂಪಾಯಿಯ ಹೊಸ ಪ್ರೊ ತಂದಾಗ ಅವನು ಮತ್ತೆ ಕೀಬೋರ್ಡಿಗೆ 33,900, ಪೆನ್ಸಿಲಿಗೆ 11,900 ತೆರಬೇಕು. ಮೊದಲಿನ ಎರಡೂ ಕೆಟ್ಟಿಲ್ಲ. ನಾಲ್ಕೇ ವರ್ಷದಲ್ಲಿ ಪರಿಕರಗಳಿಗೇ 88,600 ರೂಪಾಯಿ. ಆ ದುಡ್ಡಿನಲ್ಲಿ ಕೀಬೋರ್ಡು ಜೊತೆಗೇ ಇರುವ ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ. ಕಳಚಲು ಬಾರದ ಕೀಬೋರ್ಡಿಗೆ ಹೊಂದಿಕೆಯ ಸಮಸ್ಯೆಯೂ ಇಲ್ಲ.

ತಂತ್ರಜ್ಞಾನ ಓಡುವಾಗ ಇದೆಲ್ಲ ಅನಿವಾರ್ಯವೆಂದು ತಾವು ಹೇಳಬಹುದು. ಅದಕ್ಕೆ ತಮ್ಮದೇ ಕಡತದಿಂದ ಉತ್ತರವಿದೆ. 2017ರಲ್ಲಿ 10.5 ಇಂಚಿನ ಐಪ್ಯಾಡ್ ಪ್ರೊಗೆಂದು ಮಾಡಿದ ಸ್ಮಾರ್ಟ್ ಕೀಬೋರ್ಡ್ 2019ರ ಐಪ್ಯಾಡ್ ಏರ್‌ಗೆ ಹೊಂದಿತು, ಅದೇ ವರ್ಷದ ಏಳನೇ ಐಪ್ಯಾಡಿಗೆ ಹೊಂದಿತು, 2020ರ ಎಂಟನೆಯದಕ್ಕೂ 2021ರ ಒಂಬತ್ತನೆಯದಕ್ಕೂ ಹೊಂದಿತು. ಪರದೆಗಳು ಅಲ್ಲಿ 10.2 ಇಂಚು, ಇಲ್ಲಿ 10.5 ಇಂಚು. ಒಳಗಿನ ಚಿಪ್ಪುಗಳು ಬೇರೆ, ಬೆಲೆಗಳು ಬೇರೆ. ಆದರೂ ಮೂರು ಚುಕ್ಕಿಯ ಕನೆಕ್ಟರ್ ಇದ್ದಲ್ಲೇ ಇತ್ತು, ಹೊರ ಅಳತೆಯನ್ನು ಯಾರೋ ಪುಣ್ಯಾತ್ಮರು ಕಾಪಾಡಿದ್ದರು. ಆ ಪುಣ್ಯಾತ್ಮರು ಈಗ ಯಾವ ವಿಭಾಗದಲ್ಲಿದ್ದಾರೋ, ಅವರನ್ನು ದಯವಿಟ್ಟು ವಾಪಸ್ ಕರೆಸಿ. 2025ರ ಅಕ್ಟೋಬರಿನಲ್ಲಿ ಬಂದ ಎಂ5 ಐಪ್ಯಾಡ್ ಪ್ರೊಗೆ 2024ರ ಕೀಬೋರ್ಡೂ ಪೆನ್ಸಿಲೂ ನಡೆಯುತ್ತವೆ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ದಾಖಲಿಸಲಾಗಿದೆ. ಮನಸ್ಸಿದ್ದರೆ ಆಗುತ್ತದೆ.

ಬೇರೆಯವರೂ ಸಾಚಾ ಅಲ್ಲ. ಮೈಕ್ರೋಸಾಫ್ಟ್ 2021ರಲ್ಲಿ ಸರ್ಫೇಸ್ ಪ್ರೊ 8 ತಂದಾಗ ಹಿಂದಿನ ಪ್ರೊ 7ರ ಕೀಬೋರ್ಡಿಗೆ ಬಾಗಿಲು ಹಾಕಿತು. ಆದರೆ ಸ್ಯಾಮ್‌ಸಂಗ್ ತನ್ನ ಟ್ಯಾಬ್‌ಗಳಿಗೆ ಬಳಸುವ ವಾಕಾಮ್ ತಂತ್ರದ ಪೆನ್ನು ಬರೆಯಲು ಬ್ಯಾಟರಿಯನ್ನೇ ಕೇಳುವುದಿಲ್ಲ. ಪರದೆಯೇ ಅದಕ್ಕೆ ಶಕ್ತಿ ಕೊಡುತ್ತದೆ. ಹೀಗಾಗಿ ಒಂದು ಟ್ಯಾಬಿನ ಪೆನ್ನು ಸಾಮಾನ್ಯವಾಗಿ ಇನ್ನೊಂದರ ಮೇಲೂ ಬರೆಯುತ್ತದೆ. ಚಾರ್ಜೇ ಬೇಡದ ಪೆನ್ನಿಗೆ ಚಾರ್ಜಿಂಗ್ ಜಾಗದ ಜಗಳ ಎಲ್ಲಿಯದು?

ಕಾನೂನು ಇದನ್ನು ಹಿಡಿಯಲಾರದು. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯ ಮಾಡಿತು. ಅದು ಕೇಬಲಿನ ಕಾನೂನು, ಅಯಸ್ಕಾಂತದ್ದಲ್ಲ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ ತೆರೆಯಿತು. ಆದರೆ ಈ ಪೆನ್ಸಿಲಿನಲ್ಲಿ ದುರಸ್ತಿ ಮಾಡಲು ಏನೂ ಇಲ್ಲ, ಅದು ಚೆನ್ನಾಗಿಯೇ ಇದೆ. ಕೆಟ್ಟಿದ್ದರೆ ದೂರು ಕೊಡಬಹುದಿತ್ತು.

ಪರಿಸರದ ಬಗ್ಗೆ ತಮಗಿರುವ ಕಾಳಜಿ ಜಗಜ್ಜಾಹೀರು. 2020ರಲ್ಲಿ ಐಫೋನ್ ಪೆಟ್ಟಿಗೆಯಿಂದ ಚಾರ್ಜರನ್ನು ತೆಗೆದದ್ದೂ ಭೂಮಿಯ ಒಳಿತಿಗೇ. ಐಪ್ಯಾಡಿನ ಹೊರಮೈ ಮರುಬಳಕೆಯ ಅಲ್ಯೂಮಿನಿಯಂ ಎಂದೂ ಹೇಳುತ್ತೀರಿ. ಒಳ್ಳೆಯದು. ಆದರೆ ಮರುಬಳಕೆ ಎಂದರೆ ಕರಗಿಸಿ ಮತ್ತೆ ಎರಕ ಹೊಯ್ಯುವುದೊಂದೇ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಮತ್ತೆ ಬಳಸುವುದೂ ಅದೇ. ಉಲ್ಲೇಖಿತ ಸಮಾರಂಭದ ದಿನವೇ ತಾವು ಬಿಟ್ಟ ಜಾಹೀರಾತಿನಲ್ಲಿ ದೈತ್ಯ ಹೈಡ್ರಾಲಿಕ್ ಯಂತ್ರವೊಂದು ಪಿಯಾನೋ, ತುತ್ತೂರಿ, ಬಣ್ಣದ ಡಬ್ಬಿಗಳನ್ನೆಲ್ಲ ಹಿಸುಕಿ ತೆಳ್ಳನೆಯ ಐಪ್ಯಾಡ್ ಮಾಡಿತು. ಕಲಾವಿದರು ಸಿಡಿದೆದ್ದರು, ತಾವು ಕ್ಷಮೆ ಕೇಳಿ ಅದನ್ನು ಟಿ.ವಿ.ಯಲ್ಲಿ ತೋರಿಸುವ ಯೋಜನೆ ಕೈಬಿಟ್ಟಿರಿ. ಆ ಯಂತ್ರದಡಿ ಎರಡನೇ ತಲೆಮಾರಿನ ಪೆನ್ಸಿಲುಗಳನ್ನೂ ಹಳೆಯ ಕೀಬೋರ್ಡುಗಳನ್ನೂ ಇಟ್ಟಿದ್ದರೆ ಜಾಹೀರಾತು ಸಂಪೂರ್ಣ ಸತ್ಯವಾಗುತ್ತಿತ್ತು, ಕ್ಷಮೆಯ ಅಗತ್ಯವೂ ಬೀಳುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಪೆನ್ಸಿಲ್ ಮತ್ತು ಕೀಬೋರ್ಡಿನ ಪೆಟ್ಟಿಗೆಯ ಮೇಲೆ ಅದು ಯಾವ ಐಪ್ಯಾಡಿಗೆ ಆಗುತ್ತದೆ ಎನ್ನುವುದರ ಜೊತೆಗೆ, ಇಂಥ ವರ್ಷದವರೆಗೆ ಬರುವ ಹೊಸ ಐಪ್ಯಾಡುಗಳಿಗೂ ಆಗುತ್ತದೆ ಎಂಬ ಭರವಸೆಯನ್ನು ಅಚ್ಚು ಹಾಕಿಸಿ. ಔಷಧದ ಶೀಷೆಗೂ ಬ್ರೆಡ್ಡಿನ ಪೊಟ್ಟಣಕ್ಕೂ ಇರುವ ಕೊನೆಯ ದಿನಾಂಕ 33,900 ರೂಪಾಯಿಯ ಕೀಬೋರ್ಡಿಗೆ ಬೇಡವೇ? ಹಳೆಯ ಪೆನ್ಸಿಲ್ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ ಕಡಿತ ಕೊಡಿ. 2025ರ ಸೆಪ್ಟೆಂಬರಿನಲ್ಲಿ ತೆರೆದ ಹೆಬ್ಬಾಳದ ತಮ್ಮ ಮಳಿಗೆಯಿಂದಲೇ ಇದನ್ನು ಆರಂಭಿಸಿದರೆ ಬೆಂಗಳೂರಿನವರು ಬೇಡವೆನ್ನುವುದಿಲ್ಲ. ಕ್ಯಾಮೆರಾವನ್ನು ಇನ್ನೊಮ್ಮೆ ವರ್ಗಾಯಿಸುವ ಯೋಚನೆಯಿದ್ದರೆ ಆದೇಶ ಹೊರಡಿಸುವ ಮುನ್ನ ಅಲ್ಲಿ ವಾಸವಿರುವ ಅಯಸ್ಕಾಂತಗಳ ಆಕ್ಷೇಪಣೆಯನ್ನೂ ಆಲಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮೇಜಿನ ಡ್ರಾಯರಿನಲ್ಲಿರುವ ಸಕಲ ಸುಸ್ಥಿತ ಪೆನ್ಸಿಲುಗಳ ಪರವಾಗಿ.

ಪ್ರತಿ: ಟ್ಯಾಬ್ಲೆಟ್ ಕೊಳ್ಳಹೊರಟಿರುವ ಓದುಗರಿಗೆ, ಮಾಹಿತಿಗಾಗಿ. ಟಿಪ್ಪಣಿ ಬರೆಯುವುದಷ್ಟೇ ಕೆಲಸವಾದರೆ 2023ರಲ್ಲಿ 7,900 ರೂಪಾಯಿಗೆ ಬಂದ ಯುಎಸ್‌ಬಿ-ಸಿ ಪೆನ್ಸಿಲ್ ನೋಡಿ. ಅದರಲ್ಲಿ ಒತ್ತಿದರೆ ಗೆರೆ ದಪ್ಪವಾಗುವ ಗುಣವಿಲ್ಲ, ಚಿತ್ರ ಬಿಡಿಸುವವರಿಗೆ ಸಾಲದು, ಚಾರ್ಜಿಗೆ ಕೇಬಲ್ ಬೇಕು. ಆದರೆ ಯುಎಸ್‌ಬಿ-ಸಿ ಮೂತಿಯಿರುವ ಹಳೆಯ, ಹೊಸ ಐಪ್ಯಾಡುಗಳೆಲ್ಲದರಲ್ಲೂ ಅದು ನಡೆಯುತ್ತದೆ. ಇರುವ ಕೀಬೋರ್ಡನ್ನು ಉಳಿಸಿಕೊಳ್ಳುವ ಆಸೆಯಿದ್ದರೆ ಹಳೆಯ ಐಪ್ಯಾಡನ್ನು ಮಾರುವ ಮೊದಲು ಕೀಬೋರ್ಡನ್ನು ಅಂಗಡಿಗೆ ಒಯ್ದು ಹೊಸದಕ್ಕೆ ಕೂಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.