ಭೂಗರ್ಭ ಪಂಡಿತ ತೆಂಗಿನಕಾಯಿಯವರಿಗೆ ಒಂದು ಬಹಿರಂಗ ಪತ್ರ

ಬಾಲಾನಗರ, ಹೈದರಾಬಾದ್

ಶ್ರೀ ತೆಂಗಿನಕಾಯಿಯವರಿಗೆ,

ಮಾನ್ಯರೇ,

ಕಳೆದ ಬೇಸಿಗೆಯಲ್ಲಿ ತಾವು ನಮ್ಮ ಅಪಾರ್ಟ್‌ಮೆಂಟಿಗೆ ದಯಮಾಡಿಸಿದ್ದಿರಿ. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರ ಅಂಗೈ ಮೇಲೆ ಮಲಗಿಕೊಂಡೇ ಪಾರ್ಕಿಂಗ್ ಜಾಗವನ್ನೆಲ್ಲ ಸುತ್ತಿದಿರಿ. ಕಸದ ಡಬ್ಬಗಳ ಹತ್ತಿರ ಬಂದೊಡನೆ ಜುಟ್ಟು ಮೇಲೆ ಮಾಡಿ ನೆಟ್ಟಗೆ ಎದ್ದು ನಿಂತಿರಿ. ಆ ಹೊತ್ತಿಗೆ ಅಂಗೈ ಚೂರು ವಾಲಿದಂತೆ ನನಗೆ ಕಂಡಿತು. ನನ್ನ ಕನ್ನಡಕದ ನಂಬರ್ ಬದಲಾಗಿರಬೇಕು. 'ಮುನ್ನೂರು ಅಡಿಗೆ ಮೂರಿಂಚು ನೀರು' ಎಂದು ತಮ್ಮ ಪರವಾಗಿ ಅವರೇ ಸಾರಿದರು. ಸಂಘದ ಅಧ್ಯಕ್ಷರು ಕೈಮುಗಿದರು. ರಾತ್ರಿಯೇ ಬೋರ್ ಲಾರಿ ಬಂತು. ಸಾವಿರದಿನ್ನೂರು ಅಡಿ ಕೊರೆದರೂ ಮೇಲೆ ಬಂದದ್ದು ಬೂದುಬಣ್ಣದ ಕಲ್ಲುಪುಡಿ.

ಇದು ದೂರಿನ ಪತ್ರವಲ್ಲ. ಹೈದರಾಬಾದಿನ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಂಥ ಪುರಾತನ ಧೂಳನ್ನು ನಮ್ಮೆಲ್ಲರ ಕಾರುಗಳ ಮೇಲೆ ಸಮನಾಗಿ ಹಂಚಿದ್ದಕ್ಕೆ ಕೃತಜ್ಞತೆ ಹೇಳಲು ಬರೆಯುತ್ತಿದ್ದೇನೆ.

ತಮ್ಮ ಮುಂದೆ ವಿಜ್ಞಾನಿಗಳ ಪಾಡು ನೋಡಿದರೆ ಅಯ್ಯೋ ಎನಿಸುತ್ತದೆ. ಇದೇ ಬಾಲಾನಗರದಲ್ಲಿ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. ನೂರಾರು ಕಿಲೋಮೀಟರ್ ಮೇಲಿಂದ ಉಪಗ್ರಹ ತೆಗೆದ ಚಿತ್ರ ನೋಡಿ ಅವರು ಹೊಲ, ಕೆರೆ, ಕಾಡು ಗುರುತಿಸಬಲ್ಲರು. ಆದರೆ ಭೂಮಿಯ ಹೊಟ್ಟೆಯೊಳಗಿನದು ಹಾಗೆ ಕಾಣುವುದಿಲ್ಲವಲ್ಲ! ಅದಕ್ಕೇ ಊರಿನ ಇನ್ನೊಂದು ತುದಿಯ ಉಪ್ಪಲ್ ರಸ್ತೆಯಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1961ರಿಂದ ತಲೆ ಕೆಡಿಸಿಕೊಂಡು ಕೂತಿದೆ. ಕೊರೆದು ನೋಡೋಣವೆಂದರೆ ಅದೂ ಸಾಗದು. ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮವರು ಮೂರು ಕಿಲೋಮೀಟರ್ ಇಳಿದಿದ್ದರು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ರಷ್ಯದ ಕೋಲಾದಲ್ಲಿ 1970ರಲ್ಲಿ ಶುರುವಾದ ಬೋರು 1989ಕ್ಕೆ 12,262 ಮೀಟರ್ ಮುಟ್ಟಿ, 180 ಡಿಗ್ರಿ ಕಾವಿಗೆ ಸೋತಿತು. ಭೂಮಿಯ ನಡುಬಿಂದುವಿಗೆ 6,371 ಕಿಲೋಮೀಟರ್. ತಮ್ಮ ಲೆಕ್ಕದಲ್ಲಿ ಹೇಳುವುದಾದರೆ ನಾರು ಕೂಡ ಸುಲಿದಂತಾಗಲಿಲ್ಲ.

ತಮ್ಮ ಲೆಕ್ಕ ಎಂದದ್ದು ಸುಮ್ಮನೆ ಅಲ್ಲ. 454 ಕೋಟಿ ವರ್ಷಗಳ ಹಿಂದೆ, ಎಳೆಯ ಸೂರ್ಯನ ಸುತ್ತ ತಿರುಗುತ್ತಿದ್ದ ಧೂಳು, ಕಲ್ಲುಗಳು ಡಿಕ್ಕಿ ಹೊಡೆದು ಒಂದಕ್ಕೊಂದು ಅಂಟಿ ಭೂಮಿಯಾದವು. ಆ ಗುದ್ದಾಟದ ಕಾವಿಗೆ ಹೆಚ್ಚುಕಡಿಮೆ ಎಲ್ಲವೂ ಕರಗಿತು. ಭಾರದ ಕಬ್ಬಿಣ ಒಳಕ್ಕಿಳಿಯಿತು, ಹಗುರ ಕಲ್ಲು ಮೇಲೆ ತೇಲಿತು. ಹೊರಗೆ ಕರಟದಂಥ ತೆಳು ಕವಚ. ಅದರ ಕೆಳಗೆ 2,900 ಕಿಲೋಮೀಟರ್ ಆಳದವರೆಗೆ ಕೊಬ್ಬರಿಯಂತೆ ಮ್ಯಾಂಟಲ್. ಆಮೇಲೆ ನೀರಿನ ಜಾಗದಲ್ಲಿ ಕರಗಿದ ಕಬ್ಬಿಣ. ಮೊಳಕೆ ಬಂದ ಕಾಯಿಯಲ್ಲಿ ನೀರು ಕಡಿಮೆಯಾದಂತೆ ಒಳಗೊಂದು ಉಂಡೆ ಬೆಳೆಯುತ್ತದಲ್ಲ, ಇಲ್ಲೂ ಹಾಗೆಯೇ. ದ್ರವ ಹೆಪ್ಪುಗಟ್ಟುತ್ತ ನಟ್ಟನಡುವೆ ಗಟ್ಟಿ ಕಬ್ಬಿಣದ ಉಂಡೆ ಬೆಳೆಯುತ್ತಿದೆ. ಭೂಮಿಯೂ ತಮ್ಮ ಬಳಗದವಳೇ.

ಒಡೆಯದೆ ಇದೆಲ್ಲ ಹೇಗೆ ತಿಳಿಯಿತು? ಕಿವಿಗೊಟ್ಟು. ಭೂಕಂಪವಾದಾಗ ಭೂಮಿ ತಾನೇ ಅಲ್ಲಾಡುತ್ತದೆ. ಅಲೆಗಳು ಒಳಗೆ ಹಾದು ಆಚೆ ಬದಿಯಲ್ಲಿ ಏಳುತ್ತವೆ. 1897ರ ಅಸ್ಸಾಂ ಭೂಕಂಪವನ್ನು ಅಳೆದು ಬರೆದ ಓಲ್ಡ್‌ಹ್ಯಾಮ್, ಅಲೆಗಳು ಬರಬೇಕಾದ ಹೊತ್ತಿಗೆ ಬಾರದ್ದನ್ನು ನೋಡಿ, ನಡುವೆ ಬೇರೆಯೇ ತಿರುಳಿದೆ ಎಂದು 1906ರಲ್ಲಿ ಹೇಳಿದರು. ಅಡ್ಡಡ್ಡ ಅಲುಗುವ ಅಲೆ ದ್ರವದೊಳಗೆ ಸಾಗದು. ಅದು ತಡೆದು ನಿಂತ ಕಡೆ ದ್ರವವಿದೆ ಎಂದು ಗೊತ್ತಾಯಿತು. ದ್ರವದ ನಡುವಿನ ಉಂಡೆಯನ್ನು 1936ರಲ್ಲಿ ಇಂಗೆ ಲೇಮನ್ ಎಂಬ ಡೆನ್ಮಾರ್ಕಿನ ಹೆಣ್ಣುಮಗಳು ಪತ್ತೆಹಚ್ಚಿದರು.

ನಮ್ಮ ಪಾರ್ಕಿಂಗಿಗೂ ಇಂಥದೇ ಉಪಾಯವಿತ್ತು. ಗ್ರಾನೈಟ್ ನೆಲದಲ್ಲಿ ನೀರು ಇರುವುದು ಮೇಲಿನ ಪುಡಿಗಲ್ಲಿನ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಮಣ್ಣಿಗೆ ಕಡ್ಡಿ ನೆಟ್ಟು ಕರೆಂಟ್ ಹಾಯಿಸಿದರೆ ಒಣ ಬಂಡೆ ಅದನ್ನು ತಡೆಯುತ್ತದೆ, ಒದ್ದೆ ಬಿರುಕು ಹರಿಯಗೊಡುತ್ತದೆ. ಸಭೆಯಲ್ಲಿ ಇದನ್ನು ಹೇಳಿದೆ. 'ಅದಕ್ಕೆ ಯಾಕ್ರೀ ದುಡ್ಡು ದಂಡ, ಕಾಯಿ ಇದೆಯಲ್ಲ' ಎಂದರು ಅಧ್ಯಕ್ಷರು.

ಅದೇ ಅಧ್ಯಕ್ಷರು ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕರು. ಒಂದು ಕಾಯಿಗಾಗಿ ಆರು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ತಟ್ಟಿ, ಏಳನೆಯದನ್ನು ಬುಟ್ಟಿಗೆ ಹಾಕಿಕೊಂಡರು. ತಮ್ಮೊಳಗೆ ನೀರಿದೆಯೇ ಎಂದು ಯಾವ ನಿಂಬೆಹಣ್ಣನ್ನೂ ಅಂಗೈ ಮೇಲಿಟ್ಟು ವಿಚಾರಿಸಲಿಲ್ಲ.

ಇಂತಿ ತಮ್ಮ ವಿಧೇಯ,
ಎರಡನೇ ಮಹಡಿಯ ಕನ್ನಡಿಗ

ವಿ.ಸೂ.: ಬರುವ ಭಾನುವಾರ ಎರಡನೇ ಬೋರಿಗೆ ಪಾಯಿಂಟ್ ಮಾಡಿಸುತ್ತಾರಂತೆ. ತಾವು ಬರುವುದು ಖಚಿತವಾದರೆ ತಿಳಿಸಿ, ಕಾರು ಬೇರೆ ಬೀದಿಯಲ್ಲಿ ನಿಲ್ಲಿಸುತ್ತೇನೆ.