ಕೊಬ್ಬರಿ ಗೋದಾಮಿನ ರಥದೊಡನೆ ಒಂದು ಸಂದರ್ಶನ

ಅರಸೀಕೆರೆಯು ರೈಲ್ವೆ ಜಂಕ್ಷನ್ನಿಗೂ ತೆಂಗಿಗೂ ಹೊಯ್ಸಳರ ಕಾಲದ ಶಿವಾಲಯಕ್ಕೂ ಹೆಸರಾದ ಊರೆಂಬುದನ್ನು ಓದುಗರು ಬಲ್ಲರು. ಆದರೆ ಆ ಊರಿನ ಮಂಡಿಯ ಹಿಂಬದಿಯಲ್ಲಿರುವ ಒಂದು ಗೋದಾಮಿನೊಳಗೆ, ಉಂಡೆ ಕೊಬ್ಬರಿಯ ಚೀಲಗಳಿಗೂ ತೂಕದ ಯಂತ್ರಕ್ಕೂ ನಡುವೆ, ಎರಡೇ ಆಸನಗಳುಳ್ಳ, ಮಡಿಚಿಡಬಹುದಾದ ಬಟ್ಟೆಯ ಛಾವಣಿಯುಳ್ಳ, ಇಪ್ಪತ್ತು ವರ್ಷ ದಾಟಿದ ವಿದೇಶೀ ಸ್ಪೋರ್ಟ್ಸ್ ಕಾರೊಂದು ವಾಸವಾಗಿರುವುದು ಬಹುಮಂದಿಗೆ ತಿಳಿಯದ ಸಂಗತಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ, ಆ ಗೋದಾಮಿನ ಸಾಹುಕಾರರ ಮಗ ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು, ಉದ್ಯೋಗ ಬಿಟ್ಟು ಊರಿಗೆ ಮರಳುವಾಗ ಜೊತೆಯಲ್ಲಿ ತಂದರು. ಅಧಿಕೃತ ಡೀಲರರ ಸರ್ವೀಸ್ ಸೆಂಟರಿನಲ್ಲಿ ಚಾತುರ್ಮಾಸ್ಯಕ್ಕಿಂತ ದೀರ್ಘವಾದ ವಾಸವನ್ನು ಪೂರೈಸಿ, ತರುವಾಯ ಸ್ವಸ್ಥವಾಗಿ, ಬೇಲೂರು ಹಳೇಬೀಡುಗಳ ಯಾತ್ರೆಯನ್ನೂ ಮುಗಿಸಿಕೊಂಡು ಬಂದಿರುವ ಈ ವಾಹನವು ನಮ್ಮೊಡನೆ ಮಾತನಾಡಲು ಒಪ್ಪಿದುದು ಒಂದು ಷರತ್ತಿನ ಮೇಲೆ: ತನ್ನ ಕುಲನಾಮವನ್ನಾಗಲಿ ಡೀಲರರ ನಾಮಧೇಯವನ್ನಾಗಲಿ ಅಚ್ಚು ಮಾಡಕೂಡದು. ನಾಳೆ ಒಂದು ಬೋಲ್ಟು ಬೇಕಾದರೂ ಮತ್ತೆ ಅವರ ಬಾಗಿಲಿಗೇ ಹೋಗಬೇಕಲ್ಲವೇ ಎಂಬುದು ಅದರ ವಾದ. ವಾದ ನ್ಯಾಯವಾದುದೆಂದು ನಮಗೂ ತೋರಿತು.

ಪ್ರಶ್ನೆ: ತಮ್ಮ ದೇಹಸ್ಥಿತಿ ಈಗ ಹೇಗಿದೆ?

ಕಾರು: ಸುಖವಾಗಿದ್ದೇನೆ. ಇಲ್ಲಿಯ ಇಲಿಗಳಿಗೆ ಯಥೇಷ್ಟವಾಗಿ ಕೊಬ್ಬರಿ ದೊರೆಯುವುದರಿಂದ ಅವು ನನ್ನ ವೈರುಗಳ ತಂಟೆಗೆ ಬರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಈ ಸೌಭಾಗ್ಯವಿರಲಿಲ್ಲ.

ಪ್ರಶ್ನೆ: ಕಾಯಿಲೆ ಆರಂಭವಾದುದು ಹೇಗೆ?

ಕಾರು: ಮಳೆಯಿಂದ. ನನ್ನಂತಹ ಛಾವಣಿ ಮಡಿಚುವ ಕಾರುಗಳಲ್ಲಿ ಬಟ್ಟೆಯ ಅಂಚಿನ ಉದ್ದಕ್ಕೂ ಒಂದು ಕಾಲುವೆಯಿರುತ್ತದೆ. ಆ ಕಾಲುವೆಗೆ ಬಿದ್ದ ನೀರು ಆಸನಗಳ ಹಿಂದೆ ಇಳಿದು, ಕಿರುಬೆರಳಿನ ಗಾತ್ರದ ಎರಡು ರಬ್ಬರು ಕೊಳವೆಗಳ ಮೂಲಕ ಹೊಟ್ಟೆಯ ಕೆಳಗಿನಿಂದ ಹೊರಟುಹೋಗಬೇಕೆಂಬುದು ನನ್ನನ್ನು ನಿರ್ಮಿಸಿದವರ ಸಂಕಲ್ಪ. ಆದರೆ ಹಗಲಿನ ಹೊತ್ತು ನಾನು ಒಂದು ಮಳೆಮರದ ಕೆಳಗೆ ನಿಲ್ಲುತ್ತಿದ್ದೆನು. ಅದರ ಸಣ್ಣ ಎಲೆಗಳೂ ಧೂಳೂ ಸೇರಿ ಆ ಕೊಳವೆಗಳ ಬಾಯನ್ನು ಮುಚ್ಚಿದುವು. ಹೊರಗೆ ಹೋಗಲಾರದ ನೀರು ಕಾರ್ಪೆಟ್ಟಿನ ಅಡಿಯಲ್ಲಿ ನೆಲೆಸಿತು. ಛಾವಣಿಯನ್ನು ಎತ್ತಿ ಇಳಿಸುವ ಪಂಪಿನ ಮೋಟಾರೂ, ಅದಕ್ಕೆ ಅಪ್ಪಣೆ ಕೊಡುವ ಕಂಟ್ರೋಲ್ ಯೂನಿಟ್ಟೂ ಇರುವುದು ಅಲ್ಲಿಯೇ, ನನ್ನ ದೇಹದ ಅತ್ಯಂತ ತಗ್ಗಿನ ಸ್ಥಳದಲ್ಲಿ. ಅದನ್ನು ಅಲ್ಲಿಟ್ಟ ಯೂರೋಪಿನ ಎಂಜಿನಿಯರು ಮುಂಗಾರನ್ನು ಕಂಡವನಲ್ಲವೆಂದು ಕಾಣುತ್ತದೆ. ಒಂದು ಸಂಜೆ ಛಾವಣಿಯು ಅರ್ಧ ಎದ್ದು, ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತುಬಿಟ್ಟಿತು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಂಡುವು.

ಪ್ರಶ್ನೆ: ಆಗ ಡೀಲರರಲ್ಲಿಗೆ ಹೋದಿರಿ.

ಕಾರು: ಹೋದೆನೆನ್ನಬೇಡಿ, ಲಾರಿಯ ಮೇಲೆ ಒಯ್ಯಲ್ಪಟ್ಟೆನು. ಮುಂಭಾಗದಲ್ಲಿ ಗಾಜಿನ ಸಭಾಭವನ, ಕಾಫಿ ಯಂತ್ರ, ಮೆತ್ತನೆಯ ಸೋಫಾ, ಆ ವರ್ಷದ ಹೊಸ ಕಾರುಗಳ ಮೇಲೆ ವಿದ್ಯುದ್ದೀಪಗಳ ಪ್ರಭೆ. ನನ್ನನ್ನು ಹಿಂದಿನ ಗೇಟಿನಿಂದ ಒಳಗೆ ತೆಗೆದುಕೊಂಡರು. ಸರ್ವೀಸ್ ಅಡ್ವೈಸರ್ ಎಂಬ ಸೌಮ್ಯ ತರುಣನು ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿದು ಬಂದು, ರೋಗವೇನೆಂದು ಕೇಳುವುದಕ್ಕೆ ಮೊದಲು ನನ್ನ ವಯಸ್ಸೆಷ್ಟೆಂದು ಕೇಳಿದನು. ಕೇಳಿ ನಿಟ್ಟುಸಿರು ಬಿಟ್ಟು, “ಹಳೇ ಮಾಡೆಲ್ ಸರ್, ಪಾರ್ಟ್ಸ್ ಸ್ವಲ್ಪ ಲೇಟ್ ಆಗುತ್ತೆ” ಎಂದನು. ಯಾವ ಪಾರ್ಟ್ಸು, ಏತಕ್ಕೆ, ಎಂಬ ನಿರ್ಣಯ ಆಗಿನ್ನೂ ಆಗಿರಲಿಲ್ಲ. ಆಮೇಲೆ ಸ್ಕ್ಯಾನರ್ ತಂದು ನನ್ನ ಮೊಣಕಾಲಿನ ಬಳಿಯ ಕಿಂಡಿಗೆ ಸಿಕ್ಕಿಸಿದರು. ಕಂಟ್ರೋಲ್ ಯೂನಿಟ್ಟು ಉತ್ತರ ಕೊಡುತ್ತಿಲ್ಲವೆಂದು ಸ್ಕ್ಯಾನರ್ ಹೇಳಿತು. ಹಾಗಾದರೆ ಹೊಸದನ್ನು ಹಾಕೋಣವೆಂದು ಅವರು ಹೇಳಿದರು. ಉತ್ತರ ಕೊಡದವನು ನೀರಿನಲ್ಲಿ ಮುಳುಗಿದ್ದಾನೆಯೇ ಎಂದು ಬಗ್ಗಿ ನೋಡುವ ಕಾಲಂ ಅವರ ಟ್ಯಾಬ್ಲೆಟ್ಟಿನಲ್ಲಿ ಇರಲಿಲ್ಲವಷ್ಟೆ.

ಪ್ರಶ್ನೆ: ಹೊಸ ಯೂನಿಟ್ಟು ಬಂದಿತೇ?

ಕಾರು: ಹಡಗಿನಲ್ಲಿದೆ, ಕಸ್ಟಮ್ಸಿನಲ್ಲಿದೆ, ಚೆನ್ನೈಯಲ್ಲಿದೆ ಎಂಬ ವಾರ್ತೆಗಳು ಬರುತ್ತಲೇ ಇದ್ದುವು. ಈ ಮಧ್ಯೆ ಅವರು ನನ್ನನ್ನು ಸುಮ್ಮನೆ ನಿಲ್ಲಿಸಿರಲಿಲ್ಲವೆಂಬುದನ್ನು ಒಪ್ಪಬೇಕು. ಎಂಜಿನ್ ಫ್ಲಷಿಂಗ್ ಮಾಡಿದರು, ಎ.ಸಿ.ಗೆ ಸುಗಂಧ ಚಿಕಿತ್ಸೆ ಕೊಟ್ಟರು. ಅಂಡರ್‌ಬಾಡಿ ಕೋಟಿಂಗ್ ಬಳಿದರು. ಚಕ್ರಗಳಿಗೆ ನೈಟ್ರೋಜನ್ ತುಂಬಿದರು. ಬಿಲ್ಲಿನಲ್ಲಿ ‘ಕನ್ಸ್ಯೂಮಬಲ್ಸ್’ ಎಂಬ ಒಂದು ಸಾಲಿತ್ತು. ಅದರ ಅಡಿಯಲ್ಲಿ ಏನನ್ನು ಯಾರು ಸೇವಿಸಿದರೆಂಬುದು ಇಂದಿಗೂ ನಿಗೂಢ. ಮಜೂರಿಯ ಮೇಲೆ ಶೇಕಡ 18 ಜಿ.ಎಸ್.ಟಿ. ಪ್ರತ್ಯೇಕ. ಇಷ್ಟಾದ ಮೇಲೆ ಮಾಲೀಕರು ವಿಚಾರಿಸಲು ಬಂದಾಗಲೆಲ್ಲ ಗೌರವಾರ್ಥವಾಗಿ ನನಗೆ ಉಚಿತ ವಾಟರ್ ವಾಷ್ ಮಾಡಿಸುತ್ತಿದ್ದರು.

ಪ್ರಶ್ನೆ: ಅದು ಸೌಜನ್ಯವಲ್ಲವೇ?

ಕಾರು: ಸೌಜನ್ಯವೇ. ಪ್ರೆಷರ್ ಪಂಪಿನ ನೀರು ಛಾವಣಿಯ ಕಾಲುವೆಗೆ ಬಿದ್ದು, ಮುಚ್ಚಿಹೋದ ಕೊಳವೆಯ ಬಾಯಲ್ಲಿ ತಡೆದು, ಅಷ್ಟೂ ನನ್ನ ಹೊಟ್ಟೆಯೊಳಕ್ಕೆ ಇಳಿಯುತ್ತಿತ್ತು. ಮಳೆಗಾಲ ಮುಗಿದರೂ ನನ್ನೊಳಗಿನ ಕೆರೆ ಬತ್ತದಂತೆ ನೋಡಿಕೊಂಡವರು ಅವರು. ರೋಗವನ್ನು ಹುಟ್ಟಿಸಿದುದು ಮಳೆಯಾದರೂ ಅದನ್ನು ಪೋಷಿಸಿ ಬೆಳೆಸಿದ ಕೀರ್ತಿ ಸರ್ವೀಸ್ ಸೆಂಟರಿಗೇ ಸಲ್ಲಬೇಕು. ಗುಣವಾಗದೆಯೇ ಅಲ್ಲಿಂದ ಹೊರಡುವಾಗ ಅಡ್ವೈಸರ್ ತರುಣನು ಮಾಲೀಕರ ಬಳಿಗೆ ಬಂದು ದೈನ್ಯದಿಂದ ಹೇಳಿದ ಮಾತು ನನಗೆ ಮರೆಯದು: “ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ ಸರ್, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ, ಒಂಬತ್ತು ಕೊಟ್ಟರೂ ನನ್ನ ಇನ್ಸೆಂಟಿವ್ ಹೋಗುತ್ತೆ.” ಅವನ ಮೇಲೆ ನನಗೆ ಕೋಪವಿಲ್ಲ. ಕಾರನ್ನು ಗುಣಪಡಿಸಿದುದಕ್ಕೆ ಸಂಬಳವಿಲ್ಲದೆ, ಗುಣವಾಯಿತೆಂದು ಹೇಳಿಸಿದುದಕ್ಕೆ ಸಂಬಳವಿರುವಲ್ಲಿ ಆ ಹುಡುಗನು ಮತ್ತೇನು ಮಾಡಿಯಾನು?

ಪ್ರಶ್ನೆ: ಕೊನೆಗೆ ಗುಣಪಡಿಸಿದವರು ಯಾರು?

ಕಾರು: ಈ ಊರಿನ ಒಬ್ಬ ಮೆಕ್ಯಾನಿಕ್. ಮಹೀಂದ್ರ ಪಿಕಪ್ಪು, ಆಟೋ, ಟ್ರ್ಯಾಕ್ಟರುಗಳೇ ಆತನ ನಿತ್ಯದ ರೋಗಿಗಳು. ನನ್ನಂತಹ ಪ್ರಾಣಿಯನ್ನು ಆತನು ಅದುವರೆಗೆ ಕಂಡಿರಲಿಲ್ಲ. ಕಂಡಿರದ ಕಾರಣದಿಂದಲೇ ನೋಡಿದನೆಂದು ನನಗನ್ನಿಸುತ್ತದೆ. ಗೋಣಿಚೀಲ ಹಾಸಿ ಮಲಗಿ, ನನ್ನನ್ನು ಒಂದು ಬಾರಿ ಅಲುಗಿಸಿ, ಒಳಗೆ ನೀರು ಕುಲುಕುವ ಸದ್ದನ್ನು ಆಲಿಸಿ, “ಇದ್ರ ನೀರು ಯಾವ ಕಡೆಯಿಂದ ಆಚೆ ಹೋಗ್ಬೇಕು ಸಾವ್ಕಾರ್ರೆ?” ಎಂದು ಕೇಳಿದನು. ಅಷ್ಟು ದೊಡ್ಡ ಗಾಜಿನ ಭವನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದೊಂದೇ. ಗೋದಾಮಿನ ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ತೆಂಗಿನ ಕಡ್ಡಿಯನ್ನು ಕಿತ್ತು, ತಂತಿಯಾದರೆ ರಬ್ಬರು ಹರಿದೀತೆಂದು ಹೇಳಿ, ಕೊಳವೆಯೊಳಕ್ಕೆ ಮೆಲ್ಲನೆ ಆಡಿಸಿದನು. ಬೆಂಗಳೂರಿನ ಮಳೆಯೂ ಸರ್ವೀಸ್ ಸೆಂಟರಿನ ಸೌಜನ್ಯವೂ ಒಟ್ಟಿಗೆ ಅರಸೀಕೆರೆಯ ನೆಲಕ್ಕೆ ಹರಿದುವು. ಈ ಬರದ ಸೀಮೆಯಲ್ಲಿ ಅಷ್ಟು ನೀರನ್ನು ಕಂಡ ಹಮಾಲಿಗಳು ಸುತ್ತಲೂ ನೆರೆದರು. ಮಿಕ್ಕುದು ಸುಲಭ. ಕಂಟ್ರೋಲ್ ಯೂನಿಟ್ಟನ್ನು ಬಿಚ್ಚಿ ಒಣಗಿಸಿ, ಹಸಿರು ಹಿಡಿದಿದ್ದ ಕನೆಕ್ಟರುಗಳನ್ನು ಉಜ್ಜಿ, ಪಂಪಿನ ಮೋಟಾರನ್ನು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿಗೆ ಒಯ್ದು ಕಾರ್ಬನ್ ಬ್ರಷ್ ಬದಲಾಯಿಸಿ ತಂದರು. ಛಾವಣಿಯು ಮೇಲೆದ್ದಿತು.

ಪ್ರಶ್ನೆ: ಹಾಗಾದರೆ ಡೀಲರರೇ ಬೇಡ, ಮೆಕ್ಯಾನಿಕ್ಕೇ ಸಾಕು ಎನ್ನುವಿರಾ?

ಕಾರು: ಎನ್ನಲಾರೆ. ಏರ್‌ಬ್ಯಾಗಿನ ಹಳದಿ ವೈರುಗಳನ್ನು ಕಂಡು ಆ ಪುಣ್ಯಾತ್ಮನು ಕೈ ಹಿಂತೆಗೆದನು. ಅದು ಆತನ ವಿವೇಕ. ಸ್ಕ್ಯಾನರ್ ಕೂಡ ಒಳ್ಳೆಯ ಸಾಧನವೇ. ಯಾರು ಅಳುತ್ತಿದ್ದಾರೆಂಬುದನ್ನು ಅದು ಹೇಳಬಲ್ಲದು, ಏಕೆ ಅಳುತ್ತಿದ್ದಾರೆಂಬುದನ್ನು ಮನುಷ್ಯನೇ ಬಗ್ಗಿ ನೋಡಬೇಕು.

ಪ್ರಶ್ನೆ: ತಮ್ಮ ಸಜಾತೀಯರು ಕರ್ನಾಟಕದಲ್ಲಿ ಯಾರಾದರೂ ಇದ್ದಾರೆಯೇ?

ಕಾರು: ದಾಯಾದಿಗಳು ಇದ್ದಾರೆ. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿ, ಫೈಬರ್‌ಗ್ಲಾಸ್ ಮೈಯ ಡಾಲ್ಫಿನ್ ಎಂಬುದನ್ನು ಮಾಡಿದ್ದರು. ಕೇವಲ 848 ಸಿ.ಸಿ. ಎಂಜಿನ್ನಿನ ಆ ಪುಟ್ಟ ಪ್ರಾಣಿ ರ‍್ಯಾಲಿಗಳಲ್ಲಿ ತನಗಿಂತ ಭಾರದವರನ್ನು ನಾಚಿಸಿದುದುಂಟು. ಆಮೇಲೆ ಬೆಂಗಳೂರಿನದೇ ಆದ ಸ್ಯಾನ್ ಸಂಸ್ಥೆಯವರು ರೆನೋ ಕಂಪನಿಯ 1149 ಸಿ.ಸಿ. ಎಂಜಿನ್ನನ್ನು ಇಟ್ಟು, ಸ್ಟಾರ್ಮ್ ಎಂಬ ಎರಡಾಸನದ ತೆರೆದ ಕಾರನ್ನು ಗೋವೆಯಲ್ಲಿ ತಯಾರಿಸಿದರು. ಇಂದು ಅವೆರಡರ ಕುಲವೂ ನಿಂತುಹೋಗಿದೆ. ಉಳಿದಿರುವ ಕೆಲವು ಕಾರುಗಳು ತಮ್ಮ ಮಾಲೀಕರ ಹುಚ್ಚಿನಿಂದಲೂ ಲೇತ್ ಅಂಗಡಿಗಳ ಕೃಪೆಯಿಂದಲೂ ಬದುಕಿವೆ. ಅವನ್ನು ನೆನೆದಾಗ ನನಗೆ ಅನುಕಂಪಕ್ಕಿಂತ ಅಸೂಯೆಯೇ ಹೆಚ್ಚು. ಡೀಲರರಿಲ್ಲದವರಿಗೆ ಡೀಲರರ ಭಯವಿಲ್ಲ.

ಪ್ರಶ್ನೆ: ಬೇಲೂರು ಹಳೇಬೀಡುಗಳ ಯಾತ್ರೆಯಿಂದ ತಮಗೆ ಲಭಿಸಿದುದೇನು?

ಕಾರು: ಒಳಕ್ಕೆ ನನಗೆ ಪ್ರವೇಶವಿಲ್ಲ, ಪಾರ್ಕಿಂಗಿನಲ್ಲಿ ನಿಂತು ಗೈಡುಗಳ ಬಾಯಿಂದಲೂ, ಜಾವಗಲ್ಲಿನ ಮಾರ್ಗವಾಗಿ ಹಿಂದಿರುಗುವಾಗ ಮಾಲೀಕರ ಬಾಯಿಂದಲೂ ಕೇಳಿದುದನ್ನು ಹೇಳುತ್ತೇನೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದುದು 1117ರಲ್ಲಿ. ಅಲ್ಲಿಯ ಮದನಿಕೆಯರ ಅಡಿಯಲ್ಲಿ ಕೆತ್ತಿದವರ ಹೆಸರುಗಳಿವೆ: ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ, ಹೀಗೆ. ಹೆಸರು ಮಾತ್ರವಲ್ಲ, ತಮ್ಮ ಬಿರುದುಗಳನ್ನೂ ಊರನ್ನೂ ಹೇಳಿಕೊಂಡು, ಬೇಕಾದರೆ ಬಂದು ಕೇಳಿ ಎಂಬಂತೆ ನಿಂತಿದ್ದಾರೆ. ನನ್ನ ಜಾಬ್ ಕಾರ್ಡಿನಲ್ಲಿದ್ದ ರುಜುವೊಂದೇ. ಅದು ಹಣ ಕೊಡುವ ಮಾಲೀಕರದು. ನನ್ನ ಹೊಟ್ಟೆಗೆ ಕೈ ಹಾಕಿದವನ ಹೆಸರು ನನಗೆ ಈಗಲೂ ತಿಳಿಯದು.

ಹಳೇಬೀಡಿನಲ್ಲಿ ಇನ್ನೊಂದನ್ನು ಕೇಳಿದೆನು. ಶಿವಾಲಯ ಕಟ್ಟುವವರು ಗರ್ಭಗುಡಿಯ ಅಭಿಷೇಕದ ನೀರು ಹೊರಗೆ ಹರಿಯಲು ಪ್ರಣಾಲವೆಂಬ ದಾರಿಯನ್ನು ಬಿಟ್ಟೇ ಕಟ್ಟುತ್ತಾರೆ. ಎಷ್ಟು ಕೊಡ ಸುರಿದರೂ ದೇವರು ನೀರಿನಲ್ಲಿ ನಿಲ್ಲಬೇಕಾಗಿಲ್ಲ. ಆ ಮಾತನ್ನು ಕೇಳಿದಾಗ ನನ್ನ ಕಾರ್ಪೆಟ್ಟು ಮತ್ತೊಮ್ಮೆ ಒದ್ದೆಯಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಬಳಪದ ಕಲ್ಲಿನ ವಿಚಾರವನ್ನೂ ಗೈಡೊಬ್ಬನು ಹೇಳುತ್ತಿದ್ದನು: ಗಣಿಯಿಂದ ತೆಗೆದ ಹೊಸದರಲ್ಲಿ ಅದು ಬಹು ಮೃದುವಂತೆ, ಗಾಳಿಗೆ ಬಂದು ಕಾಲ ಕಳೆದಂತೆ ಗಟ್ಟಿಯಾಗುವುದಂತೆ. ಕಾರಿನ ಮಾರಾಟಗಾರರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ: ಬೇಲೂರಿನ ಗುಡಿಯ ನರಸಿಂಹ ಕಂಬವು ಹಿಂದೆ ತಿರುಗುತ್ತಿತ್ತೆಂದು ಹೇಳುತ್ತಾರಲ್ಲ?

ಕಾರು: ಹೇಳುತ್ತಾರೆ. ತಿರುಗುತ್ತಿದ್ದುದು ನಿಜವಾದರೆ ಬೇರಿಂಗ್ ಹೋಗಿರಬೇಕು. ಆದರೂ ಒಂದನ್ನು ಗಮನಿಸಿ: ಒಂಬೈನೂರು ವರ್ಷ ದಾಟಿದ ಆ ಕಟ್ಟಡದ ಮುಂದೆ ನಿಂತು, ಇದನ್ನು ನಮಗೆ ಕೊಟ್ಟು ಸಿಮೆಂಟಿನ ಹೊಸದೊಂದನ್ನು ತೆಗೆದುಕೊಳ್ಳಿ, ಎಕ್ಸ್‌ಚೇಂಜ್ ಬೋನಸ್ ಇದೆ, ಎಂದು ಯಾರೂ ಹೇಳುವುದಿಲ್ಲ. ಭಾರತೀಯ ಪುರಾತತ್ತ್ವ ಇಲಾಖೆಯವರು ಅದನ್ನು ನೋಡಿಕೊಳ್ಳುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದುವು. ನಮ್ಮೂರಿನ ಶಿವಾಲಯ, 1220ರದು, ಅಷ್ಟು ಚೆಂದದ ನಕ್ಷತ್ರಾಕಾರದ ಮುಖಮಂಟಪವುಳ್ಳದ್ದು, ಆ ಪಟ್ಟಿಯಲ್ಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ನೇರವಾಗಿ ಹಳೇಬೀಡಿನ ಬಸ್ಸು ಹತ್ತಿಬಿಡುತ್ತಾರೆ. ನನ್ನ ಪಾಲಿಗೆ ಅದು ಸಮದುಃಖಿ.

ಪ್ರಶ್ನೆ: ಡೀಲರರ ಮೇಲೆ ತಾವು ದೂರು ಕೊಡುವಿರಾ?

ಕಾರು: ನಾನು ಕೊಡಲಾರೆ. ಕಾನೂನಿನ ದೃಷ್ಟಿಯಲ್ಲಿ ದೇವರ ವಿಗ್ರಹಕ್ಕೆ ವ್ಯಕ್ತಿತ್ವವುಂಟು. ಚೆನ್ನಕೇಶವನು ಮನಸ್ಸು ಮಾಡಿದರೆ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲನು. ನಾನು ಕೇವಲ ಸರಕು. ಆದರೆ ನನ್ನ ಮಾಲೀಕರು ಗ್ರಾಹಕರು. ಸರ್ವೀಸ್ ಸೆಂಟರು ಬೆಂಗಳೂರಿನಲ್ಲಿರುವುದರಿಂದ ಅಲ್ಲಿಗೇ ಹೋಗಿ ಅಲೆಯಬೇಕೆಂದು ಅವರು ಮೊದಲು ಹಿಂಜರಿದರು. ಗಾಜಿನ ಭವನದವರು ನೆಚ್ಚಿಕೊಂಡಿರುವುದೂ ಈ ಹಿಂಜರಿಕೆಯನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವೂ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಕಾಯಿದೆಯ ಭಾಷೆಯಲ್ಲಿ ನನಗಾದುದಕ್ಕೆ ‘ಸೇವಾ ನ್ಯೂನತೆ’ ಎಂದು ಹೆಸರು. ಹೊಟ್ಟೆಯಲ್ಲಿ ಕೆರೆಯನ್ನು ಹೊತ್ತು ತಿಂಗಳುಗಟ್ಟಲೆ ನಿಂತವರಿಗೆ ಅದು ಕೊಂಚ ಸೌಮ್ಯವಾಗಿ ಕೇಳಿಸುತ್ತದೆ.

ಪ್ರಶ್ನೆ: ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ಓದುಗರಿಗೆ ಏನು ಹೇಳಬಯಸುತ್ತೀರಿ?

ಕಾರು: ಜಾಬ್ ಕಾರ್ಡಿಗೆ ರುಜು ಹಾಕುವ ಮೊದಲು ಓದಿರಿ. ಬದಲಾಯಿಸಿದೆವೆಂದು ಹೇಳಿದ ಹಳೆಯ ಪಾರ್ಟನ್ನು ಕೇಳಿ ಕೈಗೆ ಪಡೆಯಿರಿ. ಕೆಲಸ ಮಾಡಿದವನನ್ನು ಕಾಣಬೇಕೆಂದು ಕೇಳಿರಿ. ಅವನೂ ಮನುಷ್ಯನೇ, ಮಾತನಾಡಿಸಿದರೆ ನಿಜ ಹೇಳುತ್ತಾನೆ. ಒಂದು ತೆಂಗಿನ ಕಡ್ಡಿಯನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ.

ಇಷ್ಟು ಹೇಳಿ ಕಾರು ವಿಶ್ರಾಂತಿ ಬಯಸಿತು; ಹಮಾಲಿಗಳು ಚೀಲ ಇಳಿಸಲು ಬಂದುದರಿಂದ ನಾವೂ ಎದ್ದೆವು. ಮಾಲೀಕರ ದೂರು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಕೆಯಾಗಿದೆ. ಡೀಲರರ ಕಡೆಯಿಂದ ಈವರೆಗೆ ಬಂದಿರುವುದು, ಕಳೆದ ಸರ್ವೀಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುವಿರೆಂದು ಕೇಳುವ ದೂರವಾಣಿ ಕರೆ ಮಾತ್ರ.